ಬೆಂಗಳೂರಿನ ಮನೆಯಲ್ಲಿ ಕೋಳಿ ಸಾಕುವ ತಾಪತ್ರಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಳಿ ಸಾಕುವುದರ ಸೊಗಸು ಹೇಳುವವರಿಗೆ ಬರವಿಲ್ಲ. ತಾಜಾ ಮೊಟ್ಟೆ, ಗಿಡಕ್ಕೆ ಗೊಬ್ಬರ, ಮಕ್ಕಳಿಗೆ ಖುಷಿ. ಎಲ್ಲ ನಿಜವೇ. ಇಲ್ಲಿರುವುದು ಅವರು ಹೇಳದೆ ಬಿಡುವ ಭಾಗ. ಮನೆ ಹಿತ್ತಲಲ್ಲಿ ಮೂರು, ನಾಲ್ಕು, ಹೆಚ್ಚೆಂದರೆ ಹತ್ತು ಕೋಳಿ ಇಟ್ಟುಕೊಳ್ಳುವ ಯೋಚನೆ ಇರುವವರು ಕೇಳುವ ಪ್ರಶ್ನೆಗಳಿವು. ಫಾರಂ ಮಾಡುವವರ ಲೆಕ್ಕ ಬೇರೆ, ಅವರ ತಲೆನೋವೂ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೋಳಿಯಿಂದ ಆಗುವ ಕಷ್ಟ ಕಡಿಮೆ. 30×40 ಸೈಟಿನಿಂದ, ಗೋಡೆಗೆ ಗೋಡೆ ಅಂಟಿದ ಮನೆಗಳಿಂದ, ಕತ್ತಲಾಗುವ ಹೊತ್ತಿಗೆ ಮನೆ ಮುಟ್ಟಲಾಗದ ನಮ್ಮ ದಿನಚರಿಯಿಂದ ಆಗುವ ಕಷ್ಟವೇ ಜಾಸ್ತಿ.

ಅಂಗಡಿ ಮೊಟ್ಟೆಗಿಂತ ಮನೆ ಮೊಟ್ಟೆ ಅಗ್ಗ ಬೀಳುತ್ತದಾ?

ಇಲ್ಲ. ಲೆಕ್ಕ ಹಾಕಿ ನೋಡಿ. ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಫೀಡ್ ತಿನ್ನುತ್ತದೆ. ನಾಲ್ಕು ಕೋಳಿಗೆ ತಿಂಗಳಿಗೆ 13 ಕೆಜಿ, ವರ್ಷಕ್ಕೆ 160 ಕೆಜಿ. ಚಿಲ್ಲರೆಯಲ್ಲಿ ಕೆಜಿಗೆ 40 ರೂಪಾಯಿ ಅಂತ ಇಟ್ಟುಕೊಂಡರೂ ವರ್ಷಕ್ಕೆ 6,400 ರೂಪಾಯಿ. ಒಂದೊಂದು ಕೋಳಿ ವರ್ಷಕ್ಕೆ 180 ಮೊಟ್ಟೆ ಕೊಟ್ಟರೆ ಒಟ್ಟು 720. ಅಲ್ಲಿಗೆ ಫೀಡಿನ ಖರ್ಚೇ ಮೊಟ್ಟೆಗೆ 9 ರೂಪಾಯಿ ಹತ್ತಿರ ಬಂತು.

ಗೂಡಿನ ಖರ್ಚು ಇನ್ನೂ ಸೇರಿಸಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿಯಾಗಿ ಮಾಡಿಸಿದರೆ ಹತ್ತು ಹನ್ನೆರಡು ಸಾವಿರಕ್ಕೆ ಕಡಿಮೆ ಆಗುವುದಿಲ್ಲ. ಅದನ್ನು ಮೂರು ವರ್ಷಕ್ಕೆ ಹಂಚಿದರೆ ಮೊಟ್ಟೆಗೆ ಇನ್ನೊಂದು ಐದು ರೂಪಾಯಿ. ಔಷಧಿ, ಹೊಟ್ಟು, ಆಗಾಗ ಸಾಯುವ ಕೋಳಿ, ಇವೆಲ್ಲ ಆಮೇಲೆ. ಅದೇ ದುಡ್ಡಿಗೆ ಅಂಗಡಿಯಲ್ಲಿ ನಾಟಿ ಮೊಟ್ಟೆಯೇ ಸಿಗುತ್ತದೆ.

ಅಪ್ಪಟ ನಾಟಿ ಕೋಳಿ ಸಾಕಿದರೆ ಲೆಕ್ಕ ಇನ್ನೂ ಕೆಡುತ್ತದೆ. ಅದು ತಿನ್ನುವುದು ಸ್ವಲ್ಪ ಕಡಿಮೆ, ಆದರೆ ವರ್ಷಕ್ಕೆ ಇಡುವುದು 60ರಿಂದ 80 ಮೊಟ್ಟೆ ಅಷ್ಟೆ. ದುಡ್ಡು ಉಳಿಸಲು ಕೋಳಿ ಸಾಕುತ್ತೇನೆ ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಊರಲ್ಲಿ ನಮ್ಮಜ್ಜಿ ಫೀಡ್ ಕೊಂಡು ಹಾಕಿದ್ದೇ ಇಲ್ಲ. ಇಲ್ಲಿ ಯಾಕೆ ಬೇಕು?

ಅಜ್ಜಿ ಕೋಳಿಗೆ ಮನೆ ಹಿಂದೆ ತಿಪ್ಪೆ ಇತ್ತು. ಕೊಟ್ಟಿಗೆಯಲ್ಲಿ ಉದುರಿದ ರಾಗಿ ಇತ್ತು, ಹುಳ ಇತ್ತು, ಗೆದ್ದಲು ಇತ್ತು, ಕೆದಕಲು ಊರೆಲ್ಲ ಇತ್ತು. ನಿಮ್ಮ ಹಿತ್ತಲಲ್ಲಿ ಇರುವುದು ಎಂಟಡಿ ಮಣ್ಣು ಮತ್ತು ಪಕ್ಕದ ಕಟ್ಟಡದಿಂದ ಬಿದ್ದ ಸಿಮೆಂಟ್. ಅದನ್ನು ಒಂದು ವಾರದಲ್ಲಿ ಕೆದಕಿ ಬೋಳು ಮಾಡಿಬಿಡುತ್ತವೆ. ಆಮೇಲೆ ಅಲ್ಲಿ ಎರೆಹುಳ ಸಹ ಉಳಿದಿರುವುದಿಲ್ಲ.

ಬರೀ ಅನ್ನ, ನುಚ್ಚಕ್ಕಿ ಹಾಕಿದರೆ ಕೋಳಿ ಕೊಬ್ಬುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಚಿಪ್ಪು ತೆಳುವಾಗುತ್ತದೆ. ಮೊಟ್ಟೆ ಕೋಳಿಯ ಫೀಡಿನಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 3.5ರಿಂದ 4 ಇರುತ್ತದೆ. ಅಡುಗೆಮನೆ ಉಳಿಕೆಯಲ್ಲಿ ಅದು ಎಲ್ಲಿಂದ ಬರಬೇಕು? ಅದೇ ಫೀಡನ್ನು ಮರಿಗಳಿಗೆ ಹಾಕಿದರೆ ಅಷ್ಟು ಕ್ಯಾಲ್ಸಿಯಂನಿಂದ ಅವುಗಳ ಮೂತ್ರಪಿಂಡ ಕೆಡುತ್ತದೆ. ಹಾಗಾಗಿ ಮರಿ ಮತ್ತು ದೊಡ್ಡ ಕೋಳಿ ಒಟ್ಟಿಗೆ ಇದ್ದರೆ ಎರಡು ಚೀಲ, ಎರಡು ಬಟ್ಟಲು, ಒಂದರದ್ದು ಇನ್ನೊಂದು ತಿನ್ನದಂತೆ ಕಾವಲು.

ಒಂದು ವಿಷಯ ಬೆಂಗಳೂರಿನವರಿಗೆ ಅಂತಲೇ ಹೇಳಬೇಕು. ಕೋಳಿಗೆ ಥರ್ಮಾಕೋಲ್ ಅಂದರೆ ಪ್ರಾಣ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಥರ್ಮಾಕೋಲ್ ಚೂರು, ಕಟ್ಟುವ ತಂತಿಯ ತುಂಡು, ಸಣ್ಣ ಮೊಳೆ, ಟೈಲ್ಸ್ ಚೂರು ಎಲ್ಲ ಹಾರಿ ಬರುತ್ತವೆ. ಕೋಳಿಗಳು ಅವನ್ನು ಹೆಕ್ಕಿ ನುಂಗುತ್ತವೆ. ಕತ್ತಿನ ಬುಡದ ಮೇವಿನ ಚೀಲವನ್ನು ಬೆಳಗ್ಗೆ ಫೀಡ್ ಹಾಕುವ ಮುಂಚೆ ಬೆರಳಿನಿಂದ ಮುಟ್ಟಿ ನೋಡಿ. ರಾತ್ರಿ ಕಳೆದ ಮೇಲೆ ಅದು ಖಾಲಿಯಾಗಿ ಮೆತ್ತಗಿರಬೇಕು. ಗಟ್ಟಿಯಾಗಿ ಉಬ್ಬಿಕೊಂಡೇ ಇದ್ದರೆ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ.

ನಾಲ್ಕು ಕೋಳಿ ಇದ್ದರೆ ದಿನಾ ನಾಲ್ಕು ಮೊಟ್ಟೆ, ಅಲ್ವಾ?

ಅಲ್ಲ. ಒಂದು ಮೊಟ್ಟೆ ತಯಾರಾಗಲು 24 ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಹಾಗಾಗಿ ದಿನದಿಂದ ದಿನಕ್ಕೆ ಹೊತ್ತು ಮುಂದೆ ಹೋಗಿ ಹೋಗಿ ಒಂದು ದಿನ ತಪ್ಪುತ್ತದೆ. ವರ್ಷಕ್ಕೊಮ್ಮೆ ಪುಕ್ಕ ಉದುರಿಸಿಕೊಂಡು ಹೊಸದು ಬೆಳೆಸಿಕೊಳ್ಳುವಾಗ ವಾರಗಟ್ಟಲೆ ಮೊಟ್ಟೆ ಇಲ್ಲ. ಆಗ ಅವುಗಳನ್ನು ನೋಡಿದರೆ ಯಾವುದೋ ರೋಗ ಬಂದಿದೆ ಅನ್ನಿಸುವಷ್ಟು ಗಲೀಜಾಗಿ ಕಾಣುತ್ತವೆ. ಗಾಬರಿ ಬೇಡ, ಫೀಡ್ ನಿಲ್ಲಿಸಬೇಡಿ.

ಬೆಳಕೂ ಬೇಕು. ಫಾರಂನವರು ಬಲ್ಬ್ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ಬೆಂಗಳೂರಿನಲ್ಲಿ ಡಿಸೆಂಬರ್ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ, ಜೂನ್‌ನಲ್ಲಿ ಹದಿಮೂರರ ಹತ್ತಿರ. ಆ ವ್ಯತ್ಯಾಸಕ್ಕೇ ಚಳಿಗಾಲದಲ್ಲಿ ಮೊಟ್ಟೆ ಇಳಿಯುತ್ತದೆ. ಎರಡನೇ ವರ್ಷ ಮುಗಿದ ಮೇಲಂತೂ ಏನೇ ಮಾಡಿದರೂ ಇಳಿಯುತ್ತಲೇ ಹೋಗುತ್ತದೆ.

ನಮ್ಮ ಕೋಳಿ ಗೂಡು ಬಿಟ್ಟು ಏಳುತ್ತಿಲ್ಲ, ಮುಟ್ಟಲು ಹೋದರೆ ಕುಕ್ಕುತ್ತದೆ. ಏನಾಗಿದೆ?

ಕಾವಿಗೆ ಬಂದಿದೆ. ನಾಟಿ ಕೋಳಿಗಳಲ್ಲಿ ಇದು ಜಾಸ್ತಿ. ಮೊಟ್ಟೆ ಇರಲಿ ಬಿಡಲಿ, 21 ದಿನ ಕೂರುವ ಹಟ. ಆ ಹೊತ್ತಿನಲ್ಲಿ ಮೊಟ್ಟೆ ಇಡುವುದಿಲ್ಲ, ಸರಿಯಾಗಿ ತಿನ್ನುವುದೂ ಇಲ್ಲ, ಬೇರೆ ಕೋಳಿಗಳಿಗೆ ಗೂಡು ಬಿಟ್ಟುಕೊಡುವುದೂ ಇಲ್ಲ. ಊರ ಕಡೆ ಕೆಲವರು ನೀರಿನಲ್ಲಿ ಮುಳುಗಿಸುವುದು, ಮೂಗಿಗೆ ಪುಕ್ಕ ಚುಚ್ಚುವುದು ಮಾಡುತ್ತಾರೆ. ಹಿಂಸೆ ಅದು, ಬೇಡ. ತಳದಲ್ಲೂ ಜಾಲರಿ ಇರುವ ಪಂಜರದಲ್ಲಿ, ಹುಲ್ಲು ಹೊಟ್ಟು ಏನೂ ಹಾಕದೆ, ಹೊಟ್ಟೆಗೆ ಕೆಳಗಿನಿಂದ ಗಾಳಿ ಆಡುವಂತೆ ಮೂರ್ನಾಲ್ಕು ದಿನ ಇಡಿ. ನೀರು, ಫೀಡ್ ಎಂದಿನಂತೆ. ಸಾಮಾನ್ಯವಾಗಿ ಕಾವು ಇಳಿಯುತ್ತದೆ. ಮತ್ತೆ ಮೊಟ್ಟೆಗೆ ಬರಲು ಇನ್ನೂ ಒಂದೆರಡು ವಾರ ಬೇಕು.

ಹುಂಜ ಇಲ್ಲದೆ ಮೊಟ್ಟೆ ಇಡುತ್ತವಾ? ಒಂದು ಹುಂಜ ಇದ್ದರೆ ಏನು ತೊಂದರೆ?

ಇಡುತ್ತವೆ. ಮರಿ ಬೇಕಾದರೆ ಮಾತ್ರ ಹುಂಜ ಬೇಕು. ಈ ಒಂದು ಮಾತು ಗೊತ್ತಿದ್ದರೆ ಬೀದಿಯ ಅರ್ಧ ಜಗಳ ತಪ್ಪುತ್ತಿತ್ತು.

ಹುಂಜ ಬೆಳಗ್ಗೆ ಒಂದು ಸಲ ಕೂಗಿ ಸುಮ್ಮನಾಗುತ್ತದೆ ಅಂದುಕೊಂಡವರು ಹುಂಜದ ಜತೆ ಇದ್ದವರಲ್ಲ. ಅದು ನಾಲ್ಕು ಗಂಟೆಗೆ ಶುರು ಮಾಡುತ್ತದೆ, ಮಧ್ಯಾಹ್ನವೂ ಕೂಗುತ್ತದೆ, ಗ್ಯಾಸ್ ಗಾಡಿ ಬಂದರೂ ಕೂಗುತ್ತದೆ. ಕತ್ತಲೆ ಮಾಡಿ ಮುಚ್ಚಿಟ್ಟರೆ ಕೂಗುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಹುಂಜಗಳನ್ನು ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟು ನೋಡಿದರು. ಬೆಳಗಾದದ್ದು ಹೊರಗಿನಿಂದ ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೂ ಅವು ನಸುಕಿನ ಹೊತ್ತಿಗೇ ಕೂಗಿದವು. ಗಡಿಯಾರ ಒಳಗೇ ಇದೆ. ಮೇಲಿಂದ ಬೀದಿದೀಪ, ಕಾರಿನ ಲೈಟು, ಇನ್ನೊಂದು ಹುಂಜದ ಸದ್ದು ಸಿಕ್ಕರೆ ಕೇಳುವುದೇ ಬೇಡ.

ಹೇಂಟೆಗಳೂ ಮೌನಿಗಳಲ್ಲ. ಮೊಟ್ಟೆ ಇಟ್ಟ ಮೇಲೆ ಐದು ನಿಮಿಷ ಊರಿಗೆಲ್ಲ ಹೇಳುತ್ತವೆ. ಆದರೆ ಅದು ಹಗಲಿನಲ್ಲಿ. ಮಲಗಿದವರನ್ನು ಎಬ್ಬಿಸುವುದಿಲ್ಲ.

ಮರಿ ತಂದು ಬೆಳೆಸುವುದು ಒಳ್ಳೆಯದಾ?

ಮೊದಲ ಸಲಕ್ಕೆ ಬೇಡ. ನಾಟಿ ಮರಿಗಳಲ್ಲಿ ಹೆಣ್ಣು ಯಾವುದು ಗಂಡು ಯಾವುದು ಅಂತ ಆರೆಂಟು ವಾರ ಸರಿಯಾಗಿ ಗೊತ್ತಾಗುವುದಿಲ್ಲ. ಅರ್ಧಕ್ಕರ್ಧ ಹುಂಜಗಳೇ ಇರುತ್ತವೆ. ಅಷ್ಟು ಹೊತ್ತಿಗೆ ಮಕ್ಕಳು ಎಲ್ಲದಕ್ಕೂ ಹೆಸರಿಟ್ಟಿರುತ್ತಾರೆ. ಮೊದಲ ವಾರ ಮರಿಗಳಿಗೆ 32ರಿಂದ 35 ಡಿಗ್ರಿ ಬಿಸಿ ಬೇಕು. ಬಲ್ಬ್ ಹಾಕಿ ಕೊಡುತ್ತೀರಿ, ಸರಿ. ಡಿಸೆಂಬರ್ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋದರೆ?

ಜಾತ್ರೆ, ಪರಿಷೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿಗಳನ್ನು ಮಂಕರಿಯಲ್ಲಿ ತುಂಬಿ ಮಾರುತ್ತಾರಲ್ಲ, ಅವು ಹೆಚ್ಚಾಗಿ ಮೊಟ್ಟೆ ಕೋಳಿ ಹ್ಯಾಚರಿಗಳು ಬೇಡವೆಂದು ತೆಗೆದುಹಾಕಿದ ಗಂಡು ಮರಿಗಳು. ಬಿಸಿ ಇಲ್ಲ, ಲಸಿಕೆ ಇಲ್ಲ, ದಿನವಿಡೀ ಬಿಸಿಲು. ಬಹಳಷ್ಟು ಮರಿಗಳು ವಾರ ತುಂಬುವ ಮುಂಚೆ ಸಾಯುತ್ತವೆ. ಮಗು ಅಳುತ್ತದೆ ಅಂತ ಕೊಡಿಸಿದರೆ ಮೂರನೇ ದಿನ ಇನ್ನೂ ಜಾಸ್ತಿ ಅಳುತ್ತದೆ.

ನಾಲ್ಕೈದು ತಿಂಗಳ, ಲಸಿಕೆ ಹಾಕಿಸಿದ ಹೇಂಟೆಗಳನ್ನು ತನ್ನಿ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಲಿಗೆಂದೇ ಮಾಡಿದವು. ಗಿರಿರಾಜ 1989ರದ್ದು, ಮೈ ಭಾರ. ಸ್ವರ್ಣಧಾರ 2005ರದ್ದು, ಸ್ವಲ್ಪ ಹಗುರ, ಮೊಟ್ಟೆಯೂ ಜಾಸ್ತಿ.

ಬಾಡಿಗೆ ಮನೆಯಲ್ಲಿ ಸಾಕಬಹುದಾ? ಅಕ್ಕಪಕ್ಕದವರಿಗೆ ಹೇಳಲೇಬೇಕಾ?

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ಸರಿ. ಆದರೆ ಪಕ್ಕದ ಮನೆಯವರನ್ನು ಕೇಳದೆ ಕೋಳಿ ತರಬೇಡಿ. ಅವರ ಅಡುಗೆಮನೆ ಕಿಟಕಿ ನಿಮ್ಮ ಗೂಡಿನಿಂದ ಆರಡಿ ದೂರದಲ್ಲಿರುತ್ತದೆ. ತಕರಾರು ಶುರುವಾಗುವುದು ವಾಸನೆಯಿಂದ. ಆಮೇಲೆ ನೊಣ, ಆಮೇಲೆ ಸದ್ದು, ಕೊನೆಗೆ ಕಾರ್ ಪಾರ್ಕಿಂಗ್ ವಿಷಯವೂ ಅದರಲ್ಲೇ ಸೇರಿಕೊಳ್ಳುತ್ತದೆ.

ಬಾಡಿಗೆ ಮನೆಯಲ್ಲಿ ನನ್ನ ಸಲಹೆ ಬೇಡ ಅಂತಲೇ. ಓನರ್ ಬಾಯಿಮಾತಿನಲ್ಲಿ ‘ಪರವಾಗಿಲ್ಲ’ ಅಂದಿದ್ದು ಹನ್ನೊಂದು ತಿಂಗಳ ಕರಾರು ಹೊಸದು ಮಾಡುವಾಗ ನೆನಪಿರುವುದಿಲ್ಲ. ಕೋಳಿ ಗೂಡಿನ ಸಮೇತ ಹೊಸ ಮನೆ ಹುಡುಕುವುದು ಎಂಥ ಫಜೀತಿ ಅಂತ ಯೋಚಿಸಿ. ‘ವೆಜ್ ಓನ್ಲಿ’ ಬೋರ್ಡಿನ ಮನೆಗಳಂತೂ ಪಟ್ಟಿಯಿಂದಲೇ ಹೋದವು. ನೀವು ಬರೀ ಮೊಟ್ಟೆಗೆ ಸಾಕುತ್ತೀರಿ, ಕೊಯ್ಯುವುದಿಲ್ಲ ಅಂದರೂ ಕೇಳುವವರಿಲ್ಲ. ಅಪಾರ್ಟ್‌ಮೆಂಟ್ ಬಗ್ಗೆ ಕೇಳುವವರಿಗೆ ಉತ್ತರ ಚಿಕ್ಕದು: ಅಸೋಸಿಯೇಷನ್ ಮೀಟಿಂಗ್ ನೋಡಿದ್ದೀರಲ್ಲ?

ನಿಜವಾಗಿ ಅಷ್ಟು ವಾಸನೆ ಬರುತ್ತದಾ?

ಕೋಳಿಗೆ ವಾಸನೆ ಇಲ್ಲ. ಒದ್ದೆ ಹಿಕ್ಕೆಗೆ ಇದೆ. ಒಂದು ದೊಡ್ಡ ಕೋಳಿ ದಿನಕ್ಕೆ ನೂರು ಗ್ರಾಂಗಿಂತ ಜಾಸ್ತಿ ಹಿಕ್ಕೆ ಹಾಕುತ್ತದೆ. ನಾಲ್ಕು ಕೋಳಿಗೆ ಅರ್ಧ ಕೆಜಿ ಅಂತ ಇಟ್ಟುಕೊಳ್ಳಿ. ಒಣಗಿದರೆ ಅದು ಪುಡಿ, ಒದ್ದೆಯಾದರೆ ಅಮೋನಿಯಾ. ಮೂಗಿಗೆ ಚುರುಕು ಮುಟ್ಟುವ, ಕಣ್ಣು ಉರಿಸುವ ಆ ಘಾಟು ಕೋಳಿಗೂ ಒಳ್ಳೆಯದಲ್ಲ. ಅವುಗಳ ಶ್ವಾಸಕೋಶ ಬಹಳ ಸೂಕ್ಷ್ಮ.

ಗೂಡಿನ ತಳಕ್ಕೆ ನಾಲ್ಕೈದು ಇಂಚು ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹಾಕಿ, ವಾರಕ್ಕೆರಡು ಸಲ ಕೆದಕಿ ಮಗುಚುವುದು ರೂಢಿ. ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ತೊಂದರೆ ಮೇ ತಿಂಗಳ ಮಳೆಯಿಂದ ಶುರುವಾಗಿ ಅಕ್ಟೋಬರ್‌ವರೆಗೆ. ಇರಚಲು ಹೊಡೆಯುತ್ತದೆ, ನೀರಿನ ಬಟ್ಟಲನ್ನು ಕೋಳಿಗಳೇ ಉರುಳಿಸುತ್ತವೆ, ಹೊಟ್ಟು ಹೆಪ್ಪುಗಟ್ಟುತ್ತದೆ. ಪರೀಕ್ಷೆ ಸುಲಭ. ಕೆಳಗಿನ ಪದರದಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿಹಿಡಿಯಿರಿ. ಕೈ ಬಿಚ್ಚಿದಾಗ ಉದುರಿದರೆ ಸರಿ. ರಾಗಿಮುದ್ದೆ ಹಾಗೆ ಉಂಡೆ ನಿಂತರೆ ಒದ್ದೆ ಜಾಸ್ತಿಯಾಗಿದೆ, ಅಷ್ಟು ಭಾಗ ತೆಗೆದು ಒಣ ಹೊಟ್ಟು ಹಾಕಬೇಕು. ಇವತ್ತೇ. ನಾಳೆ ಭಾನುವಾರ ಮಾಡೋಣ ಅಂದರೆ ನಾಳೆ ನೊಣ ಬಂದಿರುತ್ತವೆ.

ಮಳೆಗಾಲದಲ್ಲಿ ಒಣ ಹೊಟ್ಟು ಸಿಗುವುದೂ ಕಷ್ಟ. ಏಪ್ರಿಲ್‌ನಲ್ಲೇ ಎರಡು ಚೀಲ ತಂದು ಒಳಗಿಟ್ಟುಕೊಳ್ಳಿ. ತೆಗೆದ ಗಲೀಜನ್ನು ಹಸಿ ಕಸದ ಗಾಡಿಗೆ ಹಾಕಲು ಹೋದರೆ ಅವರೂ ಮುಖ ಸಿಂಡರಿಸುತ್ತಾರೆ. ನಿಮ್ಮದೇ ಒಂದು ಗೊಬ್ಬರದ ಡ್ರಮ್ ಇರಲೇಬೇಕು.

ಗೊಬ್ಬರವಾದರೂ ಪುಕ್ಕಟೆ ಸಿಗುತ್ತದಲ್ಲ?

ಸಿಗುತ್ತದೆ, ಆದರೆ ಹಸಿಯಾಗಿ ಹಾಕಿದರೆ ಗಿಡ ಸುಡುತ್ತದೆ. ಅದರಲ್ಲಿ ಸಾರಜನಕ ಅಷ್ಟು ಜಾಸ್ತಿ. ಒಣಗಿದ ಎಲೆ ಸೇರಿಸಿ ಎರಡು ಮೂರು ತಿಂಗಳು ಕೊಳೆಯಲು ಬಿಡಬೇಕು.

ಇನ್ನು ಗಿಡಗಳ ಗತಿ. ಕೋಳಿ ತೋಟದ ಹುಳ ತಿನ್ನುತ್ತದೆ ಅನ್ನುವವರು ಅದು ಕೊತ್ತಂಬರಿ, ಮೆಂತ್ಯ, ದಂಟು, ಪಾಲಕ್ ಎಲ್ಲವನ್ನೂ ತಿನ್ನುತ್ತದೆ ಅನ್ನುವುದನ್ನು ಹೇಳುವುದಿಲ್ಲ. ತಿನ್ನದೇ ಬಿಟ್ಟದ್ದನ್ನು ಕೆದಕಿ ಬೇರು ಮೇಲೆ ಮಾಡುತ್ತದೆ. ಒಣ ಮಣ್ಣಿನ ಕುಂಡ ಕಂಡರೆ ಅದರೊಳಗೆ ಕೂತು ಮಣ್ಣಿನ ಸ್ನಾನ. ಕೋಳಿ ಇರಬೇಕು, ತುಳಸಿಕಟ್ಟೆಯೂ ಇರಬೇಕು ಅಂದರೆ ಎರಡರಲ್ಲಿ ಒಂದಕ್ಕೆ ಜಾಲರಿ ಕಟ್ಟಬೇಕು.

ಇಲಿ, ಹೆಗ್ಗಣ, ಹಾವು ಬರುತ್ತವಾ?

ಕೋಳಿಗೋಸ್ಕರ ಅಲ್ಲ, ಫೀಡಿಗೋಸ್ಕರ ಇಲಿ ಬರುತ್ತದೆ. ಇಲಿಗೋಸ್ಕರ ಕೇರೆ ಹಾವು ಬರುತ್ತದೆ, ಕೆರೆಯಂಚಿನ ಬಡಾವಣೆಗಳಲ್ಲಿ ನಾಗರಹಾವೂ ಬರಬಹುದು. ಮೊಟ್ಟೆ, ಮರಿ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಮುಸ್ಸಂಜೆಗೆ ಫೀಡಿನ ಬಟ್ಟಲು ಎತ್ತಿ ಒಳಗಿಡಿ, ಚೀಲವನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಸುರಿಯಿರಿ. ಪ್ಲಾಸ್ಟಿಕ್ ಡ್ರಮ್ ಹೆಗ್ಗಣಕ್ಕೆ ಒಂದು ರಾತ್ರಿಯ ಕೆಲಸ. ಇಲಿ ಪಾಷಾಣ ಇಡಬೇಡಿ. ಕೋಳಿ ಅದನ್ನೇ ಹೆಕ್ಕಬಹುದು, ಇಲ್ಲವೇ ಪಾಷಾಣ ತಿಂದು ಸತ್ತ ಇಲಿಯನ್ನು ಕುಕ್ಕಬಹುದು.

ಬೆಂಗಳೂರು ಸಿಟಿಯೊಳಗೆ ಕೋಳಿ ಹಿಡಿಯುವ ಪ್ರಾಣಿ ಎಲ್ಲಿವೆ?

ಎಲ್ಲೆಲ್ಲೂ ಇವೆ. ಆಕಾಶದಲ್ಲಿ ಹದ್ದು ಸುತ್ತುತ್ತಿರುತ್ತದೆ. ಮರಿ ಕಂಡರೆ ಕಾಗೆಯೂ ಎತ್ತಿಕೊಂಡು ಹೋಗುತ್ತದೆ. ಬೀದಿನಾಯಿ, ಬೆಕ್ಕು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂಗುಸಿ. ಖಾಲಿ ಸೈಟು, ರಾಜಕಾಲುವೆ, ಕೆರೆಯ ಏರಿ ಇರುವ ಕಡೆಯೆಲ್ಲ ಅದು ಇದೆ, ಹಗಲಲ್ಲೇ ಓಡಾಡುತ್ತದೆ. ರಾತ್ರಿ ಪಾಳಿಗೆ ಪುನುಗು ಬೆಕ್ಕು. ಹಳೇ ಬಡಾವಣೆಗಳ ಮಾವಿನ ಮರ, ಹೆಂಚಿನ ಅಟ್ಟಗಳಲ್ಲಿ ಅದು ಈಗಲೂ ಇದೆ. ಕೋತಿಗಳು ಕೋಳಿಯ ತಂಟೆಗೆ ಹೋಗುವುದು ಕಡಿಮೆ, ಮೊಟ್ಟೆ ಮಾತ್ರ ಬಿಡುವುದಿಲ್ಲ.

ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೆ. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ, ಸುತ್ತ ಒಂದಡಿ ನೆಲದೊಳಗೆ ಇಳಿಸಿ. ಬಾಗಿಲ ಕೆಳಗೆ ಎರಡು ಬೆರಳು ಸಂದು ಇದ್ದರೂ ಮುಂಗುಸಿಗೆ ದಾರಿ ಸಿಗುತ್ತದೆ. ಅದು ಒಂದು ಕೋಳಿ ಹಿಡಿದು ಹೋಗುವುದಿಲ್ಲ. ಸಿಕ್ಕಿದ್ದಕ್ಕೆಲ್ಲ ಕತ್ತು ಕಚ್ಚಿ ಹೋಗುತ್ತದೆ. ಆಮೇಲೆ ನೀವು ಗೂಡು ತೆರೆದಾಗ ಕೋಳಿಗಳು ಮಲಗಿದ ಹಾಗೇ ಇರುತ್ತವೆ, ಕತ್ತಿನ ಪುಕ್ಕದಲ್ಲಿ ಕಡಲೆಕಾಳಿನಷ್ಟು ರಕ್ತ.

ಇದೆಲ್ಲಕ್ಕಿಂತ ದೊಡ್ಡ ಸಮಸ್ಯೆ ಬಾಗಿಲು ಹಾಕುವ ಹೊತ್ತು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಸಂಜೆ ತಾವಾಗೇ ಗೂಡು ಸೇರುತ್ತವೆ, ಚಿಲಕ ಹಾಕುವುದು ನಿಮ್ಮ ಕೆಲಸ. ನವೆಂಬರ್‌ನಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಜುಲೈನಲ್ಲೂ ಏಳರೊಳಗೆ. ಆ ಹೊತ್ತಿಗೆ ನೀವು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿರುತ್ತೀರಿ. ಮನೆಯಲ್ಲಿ ಸಂಜೆ ಖಾಯಂ ಇರುವ ಒಬ್ಬರಿಲ್ಲದಿದ್ದರೆ ಕೋಳಿ ಬೇಡ.

ಟೆರೇಸ್ ಮೇಲೆ ಸಾಕಿದರೆ ಈ ಕಾಟ ತಪ್ಪುತ್ತದಲ್ಲ?

ಹಾವು, ನಾಯಿ ತಪ್ಪುತ್ತದೆ. ಹದ್ದು, ಕೋತಿ ಹತ್ತಿರವಾಗುತ್ತವೆ. ಏಪ್ರಿಲ್‌ನಲ್ಲಿ ಸಿಮೆಂಟ್ ನೆಲ ಕಾಲಿಡಲಾರದಷ್ಟು ಕಾಯುತ್ತದೆ. ಗಟ್ಟಿ ನೆಲದ ಮೇಲೆ ಓಡಾಡಿ ಅಂಗಾಲಿನಲ್ಲಿ ಗಾಯ, ಕೀವು ಆಗುತ್ತದೆ. ಮಣ್ಣಿಲ್ಲದೆ ಕೆದಕಲು ಏನೂ ಇಲ್ಲ, ಬೇಸರಕ್ಕೆ ಒಂದನ್ನೊಂದು ಕುಕ್ಕುತ್ತವೆ. ದಿನಾ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಿ. ಮಳೆನೀರು ಸಂಗ್ರಹದ ಪೈಪ್ ಅದೇ ಟೆರೇಸಿನಿಂದ ಇಳಿದಿದ್ದರೆ ಹಿಕ್ಕೆಯೆಲ್ಲ ನೀರಿನ ಸಂಪ್‌ಗೆ.

ಕಾಯಿಲೆ ಬಂದರೆ ಡಾಕ್ಟರ್ ಸಿಗುತ್ತಾರಾ?

ಬೀದಿಗೊಂದು ಪೆಟ್ ಕ್ಲಿನಿಕ್ ಇದೆ. ಅಲ್ಲಿಗೆ ಕೋಳಿ ಒಯ್ದರೆ ಲ್ಯಾಬ್ರಡಾರ್ ಹಿಡಿದವರೆಲ್ಲ ತಿರುಗಿ ನೋಡುತ್ತಾರೆ, ಡಾಕ್ಟರೂ ನೋಡುತ್ತಾರೆ. ಎಷ್ಟೋ ಕಡೆ ನಾಯಿ ಬೆಕ್ಕು ಬಿಟ್ಟು ಬೇರೆ ಮುಟ್ಟುವುದಿಲ್ಲ. ಕೋಳಿಯ ಅನುಭವ ಇರುವುದು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ನೀವು ಇರುವುದು ಬನಶಂಕರಿ ಆಚೆಯಾದರೆ ಅರ್ಧ ದಿನ ರಜೆ ಹಾಕಿ ಹೊರಡಿ. ಕೋಳಿಯ ಬೆಲೆಗಿಂತ ಆಟೋ ಚಾರ್ಜ್ ಜಾಸ್ತಿ ಆಗುತ್ತದೆ.

ಹೆದರಬೇಕಾದ ರೋಗ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಬೇಧಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು. ಲಸಿಕೆ ಇಲ್ಲದ ಕೋಳಿಗಳಿಗೆ ಹೊಕ್ಕರೆ ಗೂಡಿಗೆ ಗೂಡೇ ಖಾಲಿಯಾಗಬಹುದು. ಔಷಧಿ ಇಲ್ಲ, ಲಸಿಕೆಯೊಂದೇ ದಾರಿ. ಮರಿಗೆ ಮೊದಲ ವಾರ ಕಣ್ಣಿಗೆ ಹನಿ, ನಾಲ್ಕನೇ ವಾರದ ಹೊತ್ತಿಗೆ ಲಸೋಟ ಅನ್ನುವ ಲಸಿಕೆ, ಎಂಟನೇ ವಾರ ಆರ್2ಬಿ ಅನ್ನುವ ಇಂಜೆಕ್ಷನ್, ಎಲ್ಲವೂ ಇದೇ ರೋಗಕ್ಕೆ. ನಡುವೆ ಎರಡನೇ ವಾರ ಗಂಬೊರೊ ಅನ್ನುವ ಇನ್ನೊಂದು ಕೋಳಿ ರೋಗಕ್ಕೆ ಲಸಿಕೆ. ಇಲ್ಲಿ ಒಂದು ವಿಚಿತ್ರ ತೊಂದರೆ: ಲಸಿಕೆಯ ಸೀಸೆ ನೂರಾರು ಕೋಳಿಯ ಲೆಕ್ಕದಲ್ಲಿ ಬರುತ್ತದೆ. ನಿಮಗೆ ಬೇಕಾದ್ದು ನಾಲ್ಕು ಹನಿ. ಐಸ್‌ನಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ದಂಡ. ಲಸಿಕೆ ಹಾಕಿಸಿದ ಕೋಳಿಯನ್ನೇ ತನ್ನಿ ಅಂತ ಮೇಲೆ ಹೇಳಿದ್ದು ಇದಕ್ಕೇ.

ಮಳೆಗಾಲದಲ್ಲಿ ಸೊಳ್ಳೆಯಿಂದ ಕೋಳಿ ಸಿಡುಬು ಹರಡುತ್ತದೆ. ಜುಟ್ಟು, ಕಣ್ಣಿನ ಸುತ್ತ ಕಪ್ಪು ಹಕ್ಕಳೆ. ಬಹುಪಾಲು ವಾಸಿಯಾಗುತ್ತದೆ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಇರಬಹುದು, ತಡ ಮಾಡಬೇಡಿ. ಕೋಳಿ ಹೇನಿಗೆ ಸೌದೆ ಬೂದಿ ಬೆರೆಸಿದ ಒಣಮಣ್ಣಿನ ತೊಟ್ಟಿ ಇಡಿ, ಹೊರಳಾಡಿ ತಾವೇ ಕಡಿಮೆ ಮಾಡಿಕೊಳ್ಳುತ್ತವೆ. ಆ್ಯಂಟಿಬಯೋಟಿಕ್ ಕೊಟ್ಟರೆ ಡಾಕ್ಟರ್ ಹೇಳಿದಷ್ಟು ದಿನ ಮೊಟ್ಟೆ ತಿನ್ನುವ ಹಾಗಿಲ್ಲ. ಫೀಡ್ ಖರ್ಚು ಮಾತ್ರ ನಿಲ್ಲುವುದಿಲ್ಲ.

ಹಕ್ಕಿಜ್ವರ ಬಂದರೆ ನಾಲ್ಕು ಕೋಳಿ ಸಾಕಿದವರಿಗೂ ತೊಂದರೆಯಾ?

ಹೌದು. ರೋಗ ಖಚಿತವಾದ ಜಾಗದಿಂದ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ನಿಮ್ಮದು ಆರೋಗ್ಯವಾಗಿದೆ, ಮುದ್ದಿನದು ಅಂದರೂ ನಡೆಯುವುದಿಲ್ಲ. ಇದು ದೂರದ ಮಾತೂ ಅಲ್ಲ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲಿ ಬಂತು, 2018ರ ಜನವರಿಯಲ್ಲಿ ದಾಸರಹಳ್ಳಿಯಲ್ಲಿ, 2025ರ ಆರಂಭದಲ್ಲಿ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಕೊಂದ ಕೋಳಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಕೆರೆಯ ಹಕ್ಕಿಗಳು ಇಳಿಯುವ ಕಡೆ ಕೋಳಿ ಬಿಡಬೇಡಿ, ನೀರು ಫೀಡು ಮೇಲ್ಛಾವಣಿ ಕೆಳಗೇ ಇಡಿ. ಒಂದೇ ಸಲ ಎರಡು ಮೂರು ಕೋಳಿ ಕಾರಣವಿಲ್ಲದೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ಹೇಳಿ.

ದೀಪಾವಳಿ, ಗಣೇಶನ ಮೆರವಣಿಗೆ?

ಪಟಾಕಿ ಸದ್ದಿಗೆ ಕೋಳಿಗಳು ಕತ್ತಲಲ್ಲೇ ಹಾರಿ ಗೋಡೆಗೆ ಬಡಿದುಕೊಳ್ಳುತ್ತವೆ. ಮರುದಿನ ಚಿಪ್ಪಿಲ್ಲದ ಮೊಟ್ಟೆ, ಇಲ್ಲವೇ ಮೊಟ್ಟೆಯೇ ಇಲ್ಲ. ಗೂಡಿಗೆ ಗೋಣಿಚೀಲ ಹೊದಿಸಿ, ಗಾಳಿಗೆ ಒಂದು ಕಡೆ ಬಿಟ್ಟು. ಅದಕ್ಕಿಂತ ಹೆಚ್ಚು ಮಾಡಲು ಏನೂ ಇಲ್ಲ.

ಹೊಸ ಕೋಳಿ ತಂದೆವು, ಹಳೆಯವು ಕುಕ್ಕಿ ರಕ್ತ ಬರಿಸಿವೆ. ಯಾಕೆ?

ಕೋಳಿಗಳಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವ ಲೆಕ್ಕ ಬಹಳ ಖಡಕ್. ಹೊಸದು ಬಂದರೆ ಮತ್ತೆ ಮೊದಲಿನಿಂದ ಜಗಳ. ರಕ್ತ ಕಂಡರೆ ಎಲ್ಲವೂ ಅಲ್ಲೇ ಕುಕ್ಕುತ್ತವೆ. ತಕ್ಷಣ ಬೇರೆ ಮಾಡಿ. ಹೊಸ ಕೋಳಿಯನ್ನು ರೋಗದ ಭಯಕ್ಕೆ ಎರಡು ಮೂರು ವಾರ ದೂರವೇ ಇಟ್ಟು, ಆಮೇಲೆ ಜಾಲರಿಯ ಆಚೆ ಈಚೆ ಒಂದು ವಾರ ನೋಡಲು ಬಿಟ್ಟು, ಎರಡು ಕಡೆ ಫೀಡ್ ಇಟ್ಟು ಸೇರಿಸಿ. ಒಂಟಿ ಕೋಳಿ ಎಂದೂ ತರಬೇಡಿ.

ಊರಿಗೆ ಹೋಗುವಾಗ ಏನು ಮಾಡುವುದು?

ಯುಗಾದಿ, ದಸರಾಕ್ಕೆ ಬೆಂಗಳೂರೇ ಖಾಲಿಯಾಗುತ್ತದೆ. ನಿಮ್ಮ ಕೋಳಿ ನೋಡಿಕೊಳ್ಳಬೇಕಾದ ಪಕ್ಕದ ಮನೆಯವರೂ ಅವರ ಊರಿಗೆ ಹೋಗಿರುತ್ತಾರೆ. ಹೆಚ್ಚು ಫೀಡ್, ಹೆಚ್ಚು ನೀರು ಇಟ್ಟು ಒಂದು ರಾತ್ರಿ ದೂಡಬಹುದು. ಎರಡನೇ ದಿನ ಯಾರಾದರೂ ಬರಲೇಬೇಕು. ನಾಯಿಗೆ ಬೋರ್ಡಿಂಗ್ ಸಿಗುತ್ತದೆ, ಕೋಳಿಗೆ ಹುಡುಕಿ ನೋಡಿ. ಮೊಟ್ಟೆಯೆಲ್ಲ ನಿಮಗೇ ಅಂತ ಹೇಳಿ ಒಬ್ಬರನ್ನು ಒಪ್ಪಿಸುವುದೇ ದಾರಿ, ಅದಕ್ಕೆ ಅವರು ಮೊಟ್ಟೆ ತಿನ್ನುವವರಾಗಿರಬೇಕು.

ಮೊಟ್ಟೆ ನಿಂತ ಕೋಳಿಯನ್ನು ಏನು ಮಾಡುತ್ತಾರೆ?

ಇದನ್ನು ಕೋಳಿ ತರುವ ಮುಂಚೆ ಮನೆಯವರೆಲ್ಲ ಕೂತು ತೀರ್ಮಾನಿಸಿ. ಚೆನ್ನಾಗಿ ಮೊಟ್ಟೆ ಕೊಡುವುದು ಎರಡು ವರ್ಷ. ಬದುಕು ಐದರಿಂದ ಎಂಟು ವರ್ಷ. ಉಳಿದ ವರ್ಷಗಳೂ ಅದು ದಿನಕ್ಕೆ ನೂರು ಗ್ರಾಂ ತಿನ್ನುತ್ತದೆ. ಸಾರು ಮಾಡುವವರು ಸಾರು ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಮುದಿ ಕೋಳಿಗೆ ಕುಕ್ಕರ್ ಸೀಟಿ ಜಾಸ್ತಿ ಬೇಕು, ರುಚಿ ಮಾತ್ರ ಗಟ್ಟಿ. ಆದರೆ ಮಗಳು ‘ಲಕ್ಷ್ಮಿ’ ಅಂತ ಕರೆದ ಕೋಳಿಯನ್ನು ಹೊಸತೊಡಕಿನ ದಿನ ಎಲೆಗೆ ಬಡಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ಕೊಯ್ಯುವುದಿಲ್ಲ ಅಂತಾದರೆ ಸಾಯುವವರೆಗೆ ಸಾಕುವ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ತಾನಾಗಿ ಸತ್ತ ಕೋಳಿಯನ್ನು ತಿನ್ನಬೇಡಿ, ಕಸದ ಗಾಡಿಗೂ ಖಾಲಿ ಸೈಟಿಗೂ ಎಸೆಯಬೇಡಿ. ಎರಡು ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಮನೆ ಸುತ್ತ ಪೂರ್ತಿ ಸಿಮೆಂಟ್ ಬಳಿಸಿದವರು ಗುಂಡಿ ಎಲ್ಲಿ ತೋಡುವುದು ಅಂತ ಮೊದಲೇ ಯೋಚಿಸಿಕೊಳ್ಳಿ.

ಸಾಕಿದ್ದಾಯಿತು, ಇನ್ನು ಆಗುವುದಿಲ್ಲ ಅನ್ನಿಸುತ್ತಿದೆ. ಯಾರಿಗೆ ಕೊಡಲಿ?

ಕೆರೆ ದಂಡೆಯಲ್ಲೋ ಯಾರದೋ ತೋಟದ ಹತ್ತಿರವೋ ಬಿಟ್ಟು ಬರಬೇಡಿ, ಆ ರಾತ್ರಿಯೇ ಮುಗಿಯುತ್ತವೆ. ಆನೇಕಲ್, ಹೊಸಕೋಟೆ, ನೆಲಮಂಗಲ ಕಡೆ ಈಗಾಗಲೇ ಕೋಳಿ ಇರುವ ಪರಿಚಯದವರನ್ನು ಕೇಳಿ. ಹೇಂಟೆಗಳನ್ನು ಸಂತೋಷವಾಗಿ ತೆಗೆದುಕೊಳ್ಳುತ್ತಾರೆ, ಹುಂಜವನ್ನೂ ತೆಗೆದುಕೊಳ್ಳುತ್ತಾರೆ, ಅದರ ಮುಂದಿನ ಗತಿ ಕೇಳಬೇಡಿ. ಕತ್ತಲಾದ ಮೇಲೆ ಹಿಡಿದರೆ ಗಲಾಟೆ ಇಲ್ಲದೆ ಸಿಗುತ್ತವೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಎರಡೆರಡು ಇಡಿ, ತಿನ್ನುತ್ತಿದ್ದ ಫೀಡ್ ಒಂದೆರಡು ಕೆಜಿ ಜತೆಗೆ ಕೊಡಿ, ಯಾವ ಲಸಿಕೆ ಯಾವಾಗ ಆಗಿದೆ ಅಂತ ಚೀಟಿ ಬರೆದು ಕೊಡಿ. ಗೂಡನ್ನು ಸುಣ್ಣ ಬಳಿದು ಒಂದು ವಾರ ಬಿಸಿಲಿಗೆ ಒಣಗಿಸಿದ ಮೇಲೆ ಮಾರಾಟಕ್ಕಿಡಿ. ಗಿರಾಕಿ ಎರಡು ದಿನದಲ್ಲಿ ಬರುತ್ತಾರೆ. ಅವರಿಗೆ ಸಂಜೆ ಎಷ್ಟು ಗಂಟೆಗೆ ಮನೆಗೆ ಬರುತ್ತೀರಿ ಅಂತ ಒಂದು ಮಾತು ಕೇಳಿ.